ಬೋರ್ಡ್ ಗಣಕ ಮತ್ತು ಮೇವಿನ ಲೆಕ್ಕ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಲಿನ ಜಾತ್ರೆಗಳಲ್ಲಿ ಎತ್ತು ಕೊಳ್ಳುವವರನ್ನು ನೀವು ನೋಡಿರುತ್ತೀರಿ. ಅವರು ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಆದರೆ ಬೆಲೆಯ ಮಾತಿಗೆ ಇಳಿಯುವ ಮೊದಲೇ ಅವರ ಮನಸ್ಸಿನಲ್ಲಿ ಇನ್ನೊಂದು ಲೆಕ್ಕ ಮುಗಿದಿರುತ್ತದೆ. ಮನೆಯ ಬಣವೆಯಲ್ಲಿ ಕಣಿಕೆ ಎಷ್ಟಿದೆ? ಬೇಸಿಗೆ ಕಳೆಯುವ ತನಕ ಸಾಲುತ್ತದೆಯೇ? ಮೇವಿನ ಲೆಕ್ಕವಿಲ್ಲದೆ ಎತ್ತು ತಂದವನನ್ನು ಊರಿನಲ್ಲಿ ಯಾರೂ ಜಾಣನೆನ್ನುವುದಿಲ್ಲ. ಗಣಕಯಂತ್ರ ಕೊಳ್ಳುವಾಗ ಮಾತ್ರ ನಾವು ಈ ಲೆಕ್ಕವನ್ನು ಮರೆತುಬಿಡುತ್ತೇವೆ. ಇಂದು ಆ ಲೆಕ್ಕದ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಅಂಗೈಯಗಲದ ಒಂದೇ ಹಲಗೆಯ ಮೇಲೆ ಸಂಸ್ಕಾರಕ, ಸ್ಮೃತಿ, ತಂತಿ ಜೋಡಿಸುವ ಕಿಂಡಿಗಳು ಎಲ್ಲವನ್ನೂ ಕೂರಿಸಿದ ಪುಟ್ಟ ಗಣಕಕ್ಕೆ ಸಿಂಗಲ್ ಬೋರ್ಡ್ ಕಂಪ್ಯೂಟರ್ ಎಂದು ಹೆಸರು. ನಾವು ಸುಲಭವಾಗಿ ಬೋರ್ಡ್ ಗಣಕ ಎನ್ನೋಣ. ಇದಕ್ಕೆ ಪೆಟ್ಟಿಗೆ ಇಲ್ಲ, ಪರದೆ ಇಲ್ಲ, ಕೀಲಿಮಣೆಯೂ ಇಲ್ಲ; ಅವನ್ನು ನಾವೇ ಜೋಡಿಸಿಕೊಳ್ಳಬೇಕು. ಇದರ ತಂತ್ರಾಂಶವೆಲ್ಲ ಸಾಮಾನ್ಯವಾಗಿ ಉಗುರಿನಷ್ಟು ದೊಡ್ಡ ಒಂದು ಮೆಮೊರಿ ಕಾರ್ಡಿನಲ್ಲಿ ಇರುತ್ತದೆ. ನೀತಿ ಆಯೋಗವು 2016ರಲ್ಲಿ ಶಾಲೆಗಳಿಗಾಗಿ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಂದಾಗಿ ಇಂಥ ಬೋರ್ಡುಗಳು ಅನೇಕ ವಿದ್ಯಾರ್ಥಿಗಳ ಕೈಗೆ ಬಂದಿವೆ. ಆ ಯೋಜನೆಯ ಒಂದು ಅಂಶ ಗಮನಾರ್ಹ. ಒಟ್ಟು 20 ಲಕ್ಷ ರೂಪಾಯಿ ಅನುದಾನದಲ್ಲಿ 10 ಲಕ್ಷ ಸ್ಥಾಪನೆಗೆ, ಉಳಿದ 10 ಲಕ್ಷ ಐದು ವರ್ಷಗಳವರೆಗಿನ ನಿರ್ವಹಣೆಗೆ ಎಂದು ವಿಂಗಡಿಸಲಾಗಿತ್ತು. ಕೊಳ್ಳುವುದಕ್ಕೆ ಎಷ್ಟೋ ನಡೆಸುವುದಕ್ಕೂ ಅಷ್ಟೇ ಎಂದಾಯಿತು. ಎತ್ತು ಕೊಳ್ಳುವವನ ಲೆಕ್ಕವೂ ಇದೇ.

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ಈ ಭಾಗದ ಒಂದು ಶಾಲೆಗೆ ಹೋಗಿದ್ದೆ. ಕಪಾಟಿನಲ್ಲಿ ಇಂಥ ಕೆಲವು ಬೋರ್ಡುಗಳು ಧೂಳು ಹಿಡಿದು ಕುಳಿತಿದ್ದವು. ಕೆಟ್ಟಿವೆಯೇ ಎಂದು ವಿಜ್ಞಾನದ ಗುರುಗಳನ್ನು ಕೇಳಿದೆ. "ಬೋರ್ಡಿಗೇನೂ ಆಗಿಲ್ರೀ ಸರ್, ದೀಪಾ ಹತ್ತತೈತಿ. ಆದ್ರ ನೆಟ್‌ನ್ಯಾಗ ಯಾವ ಪುಟಾನೂ ತೆರೀವಲ್ದು. ಹೊಸಾ ತಂತ್ರಾಂಶ ಹಾಕೂಣಂದ್ರ ಕಂಪನಿಯವ್ರು ಕೊಡೂದು ನಿಲ್ಸ್ಯಾರ್ರಿ" ಎಂದರು. ಒಂದು ಭಾಗವೂ ಮುರಿದಿರಲಿಲ್ಲ, ಒಂದು ತಂತಿಯೂ ಸುಟ್ಟಿರಲಿಲ್ಲ. ಆದರೂ ಗಣಕ ಕೆಲಸಕ್ಕೆ ಬಾರದಂತಾಗಿತ್ತು. ಇದು ಹೇಗೆ ಸಾಧ್ಯ?

ಕಬ್ಬಿಣದಂತೆ ತಂತ್ರಾಂಶ ತುಕ್ಕು ಹಿಡಿಯುವುದಿಲ್ಲ ನಿಜ. ಆದರೆ ಅದರ ಸುತ್ತಲಿನ ಜಗತ್ತು ಬದಲಾಗುತ್ತದೆ. ಒಂದು ಉದಾಹರಣೆ ನೋಡೋಣ. ಅಂತರಜಾಲದ ಒಂದು ತಾಣವನ್ನು ನೀವು ತೆರೆದಾಗ ಅದು ಮೊದಲು ತನ್ನ ಗುರುತಿನ ಚೀಟಿಯನ್ನು ತೋರಿಸುತ್ತದೆ. ಆ ಚೀಟಿಗೆ ಸಹಿ ಹಾಕಿದವರು ನಂಬಿಕಸ್ಥರೇ ಎಂಬುದನ್ನು ನಿಮ್ಮ ಗಣಕ ತನ್ನೊಳಗಿನ ಒಂದು ಪಟ್ಟಿಯೊಡನೆ ಹೋಲಿಸಿ ನೋಡುತ್ತದೆ. ಪಟ್ಟಿಯಲ್ಲಿರುವ ಪ್ರತಿಯೊಂದು ಸಹಿಗೂ ಒಂದು ಕೊನೆಯ ದಿನಾಂಕವಿರುತ್ತದೆ. ಹೊಸ ಸಹಿಗಳು ತಂತ್ರಾಂಶದ ಅಪ್‌ಡೇಟ್ ಮೂಲಕ ಬಂದು ಸೇರಬೇಕು. ಅಸಂಖ್ಯ ತಾಣಗಳು ಆಧರಿಸಿದ್ದ ಇಂಥ ಒಂದು ಮೂಲ ಸಹಿಯ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿಯಿತು. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಅನೇಕ ಹಳೆಯ ಉಪಕರಣಗಳು ಮರುದಿನ ಆ ತಾಣಗಳನ್ನು ತೆರೆಯಲು ನಿರಾಕರಿಸಿದವು. ಇದಲ್ಲದೆ ತಂತ್ರಾಂಶದಲ್ಲಿ ಆಗಾಗ ಭದ್ರತೆಯ ತೂತುಗಳು ಪತ್ತೆಯಾಗುತ್ತಲೇ ಇರುತ್ತವೆ. ಅವನ್ನು ಮುಚ್ಚುವವರಿಲ್ಲದಿದ್ದರೆ ಕದ ತೆರೆದಿಟ್ಟು ಮಲಗಿದಂತೆಯೇ. ಈ ನಿರಂತರ ಆರೈಕೆಗೆ ತಂತ್ರಾಂಶ ಬೆಂಬಲ ಎನ್ನುತ್ತಾರೆ. ಬೋರ್ಡಿಗೆ ಮೇವು ಎಂದರೆ ಇದೇ.

ಒಂದೇ ಬೆಲೆಯ, ಒಂದೇ ವೇಗದ ಎರಡು ಬೋರ್ಡುಗಳಲ್ಲಿ ಒಂದು ಹತ್ತು ವರ್ಷ ಬಾಳಿ, ಇನ್ನೊಂದು ಎರಡೇ ವರ್ಷಕ್ಕೆ ಮೂಲೆ ಸೇರುವುದುಂಟು. ಕಾರಣ ತಿಳಿಯಬೇಕಾದರೆ ಲಿನಕ್ಸ್ ಬಗ್ಗೆ ಸ್ವಲ್ಪ ತಿಳಿಯಬೇಕು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಯಂತ್ರಾಂಶವನ್ನು ನಡೆಸುವ ತಿರುಳಿನಂಥ ತಂತ್ರಾಂಶ. ಬೋರ್ಡ್ ತಯಾರಕರು ಇದನ್ನು ತೆಗೆದುಕೊಂಡು, ತಮ್ಮ ಬೋರ್ಡಿಗೆ ಬೇಕಾದ ಬದಲಾವಣೆಗಳನ್ನು ಹೊಲಿಯುತ್ತಾರೆ. ಆ ಹೊಲಿಗೆಯನ್ನು ಲಿನಕ್ಸ್‌ನ ಮೂಲ ಪ್ರತಿಗೇ ಸೇರಿಸಿದರೆ ಮುಂದಿನ ಪ್ರತಿಯೊಂದು ಆವೃತ್ತಿಯೂ ಆ ಬೋರ್ಡನ್ನು ಗುರುತಿಸಬಲ್ಲದು. ಹಾಗೆ ಮಾಡದೆ ತಮ್ಮಲ್ಲೇ ಇಟ್ಟುಕೊಂಡರೆ ಬೋರ್ಡು ಆ ಹಳೆಯ ಆವೃತ್ತಿಯ ಗೂಟಕ್ಕೇ ಕಟ್ಟುಬಿದ್ದಂತೆ. ತಯಾರಕರು ಕೈಬಿಟ್ಟ ದಿನ ಅದರ ಬೆಳವಣಿಗೆಯೂ ನಿಲ್ಲುತ್ತದೆ.

ಈಗ ನಡೆದ ಕೆಲವು ಸಂಗತಿಗಳನ್ನು ನೋಡೋಣ. 2015ರಲ್ಲಿ ಅಮೆರಿಕದ ನೆಕ್ಸ್ಟ್ ಥಿಂಗ್ ಎಂಬ ಪುಟ್ಟ ಕಂಪನಿ ಚಿಪ್ ಎಂಬ ಬೋರ್ಡ್ ಗಣಕವನ್ನು ಕೇವಲ 9 ಡಾಲರಿಗೆ ಕೊಡುವುದಾಗಿ ಸಾರಿತು. ಜನರು ಮುಂಗಡವಾಗಿ 20 ಲಕ್ಷಕ್ಕೂ ಹೆಚ್ಚು ಡಾಲರ್ ಕೊಟ್ಟರು. 2018ರಲ್ಲಿ ಕಂಪನಿಯೇ ಮುಚ್ಚಿತು. ಬೋರ್ಡಿಗೆ ತಂತ್ರಾಂಶ ಕೊಡುತ್ತಿದ್ದ ತಾಣವೂ ಅದರೊಂದಿಗೆ ಹೋಯಿತು. ಕೆಲವು ಬಳಕೆದಾರರು ಪ್ರತಿ ಮಾಡಿ ಉಳಿಸಿಕೊಂಡಿದ್ದರಿಂದಷ್ಟೇ ಅದು ಪೂರ್ತಿ ನಾಶವಾಗಲಿಲ್ಲ. ಪುಟ್ಟ ಕಂಪನಿ, ಹೀಗಾಯಿತು ಎನ್ನುತ್ತೀರೇನೋ. ಇಂಟೆಲ್‌ನಂಥ ದೈತ್ಯ ಸಂಸ್ಥೆ ಗೆಲಿಲಿಯೋ, ಎಡಿಸನ್ ಎಂಬ ಬೋರ್ಡುಗಳನ್ನು 2013, 2014ರಲ್ಲಿ ಹೊರತಂದು, 2017ರಲ್ಲಿ ಅವನ್ನು ನಿಲ್ಲಿಸುವುದಾಗಿ ಘೋಷಿಸಿತು. ಆದ್ದರಿಂದ ದೊಡ್ಡ ಹೆಸರೊಂದೇ ಭರವಸೆಯಲ್ಲ.

ಇದಕ್ಕೆ ಎದುರಾಗಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡ ರಾಸ್ಪ್‌ಬೆರಿ ಪೈ ಇದೆ. 2012ರ ಫೆಬ್ರವರಿ 29ರಂದು 35 ಡಾಲರಿಗೆ ಬಿಡುಗಡೆಯಾದಾಗ ಅದರ ಸ್ಮೃತಿ 256 ಮೆಗಾಬೈಟ್ ಮಾತ್ರ. ಅದರ ಸಂಸ್ಕಾರಕ ಒಂದು ತಲೆಮಾರು ಹಳೆಯದಾದ್ದರಿಂದ, ಡೆಬಿಯನ್ ಎಂಬ ಪ್ರಸಿದ್ಧ ಉಚಿತ ತಂತ್ರಾಂಶ ಸಂಗ್ರಹದ ಹೊಸ ರೂಪ ಅದಕ್ಕೆ ಹೊಂದುತ್ತಿರಲಿಲ್ಲ. ಆಗ ಕೆಲವು ಸ್ವಯಂಸೇವಕರು 35,000ಕ್ಕೂ ಹೆಚ್ಚು ತಂತ್ರಾಂಶ ಕಟ್ಟುಗಳನ್ನು ಆ ಬೋರ್ಡಿಗೆ ಒಗ್ಗುವಂತೆ ಮತ್ತೆ ಸಿದ್ಧಪಡಿಸಿದರು. ಬಸವನ ಬಾಗೇವಾಡಿಯ ನೆಲದ ಮಕ್ಕಳಿಗೆ ಕಾಯಕ, ದಾಸೋಹ ಎಂಬ ಮಾತುಗಳನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ತಮಗೆ ಬಲ್ಲ ಕೆಲಸವನ್ನು ಮಾಡಿ, ಅದರ ಫಲವನ್ನು ಎಲ್ಲರಿಗೂ ಹಂಚಿದರು. 2025ರ ಅಕ್ಟೋಬರಿನಲ್ಲಿ ಬಂದ ರಾಸ್ಪ್‌ಬೆರಿ ಪೈ ತಂತ್ರಾಂಶದ 32 ಬಿಟ್ ಆವೃತ್ತಿ, ನಿಧಾನವಾಗಿಯಾದರೂ, 2012ರ ಆ ಮೊದಲ ಬೋರ್ಡಿನ ಮೇಲೂ ನಡೆಯುತ್ತದೆ. ಹೆಚ್ಚು ವೇಗದ ಎಷ್ಟೋ ಅಗ್ಗದ ಬೋರ್ಡುಗಳು ಈ ನಡುವೆ ಬಂದು ಹೋದವು.

ನಮ್ಮ ನಾಡಿನ ಕಥೆಯನ್ನೂ ಕೇಳಬೇಕು. 1999ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು ಸೇರಿ ಸಿಂಪ್ಯೂಟರ್ ಟ್ರಸ್ಟ್ ರಚಿಸಿದರು. ಸರಳ, ಅಗ್ಗ, ಬಹುಭಾಷಿಕ ಗಣಕ ಎಂಬುದು ಆ ಹೆಸರಿನ ಅರ್ಥ. ಅಂಗೈಯಲ್ಲಿ ಹಿಡಿಯುವ ಈ ಗಣಕ ಲಿನಕ್ಸ್ ಮೇಲೆ ನಡೆಯುತ್ತಿತ್ತು. ಅದರ ವಿನ್ಯಾಸವನ್ನು ಇತರರೂ ಬಳಸಲು ಅವಕಾಶವಿತ್ತು. ಮಾದರಿ 2001ರಲ್ಲಿ ಪ್ರದರ್ಶನಗೊಂಡಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ರಾಸ್ಪ್‌ಬೆರಿ ಪೈ 2024ರ ವೇಳೆಗೆ 6 ಕೋಟಿಗೂ ಹೆಚ್ಚು ಮಾರಾಟವಾಗಿತ್ತು. ಬಳಸುವವರು ಕಡಿಮೆಯಾದರೆ ತಪ್ಪು ಹುಡುಕುವವರು, ತಿದ್ದುವವರು, ಹೊಸ ತಂತ್ರಾಂಶ ಬರೆಯುವವರೂ ಕಡಿಮೆಯಾಗುತ್ತಾರೆ. ಸಿಂಪ್ಯೂಟರ್ ಕಾಲಕ್ಕಿಂತ ಮುಂದಿದ್ದ ವಿಚಾರ. ವಿಚಾರ ಒಳ್ಳೆಯದಾಗಿದ್ದರಷ್ಟೇ ಸಾಲದು, ಅದರ ಸುತ್ತ ಒಂದು ಸಮುದಾಯವೂ ಬೆಳೆಯಬೇಕು ಎಂಬ ಪಾಠ ಅದರಲ್ಲಿದೆ.

2025ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರಿನ ತಂತ್ರಜ್ಞಾನ ಶೃಂಗಸಭೆಯಲ್ಲಿ ಕಿಯೋ ಎಂಬ ಕಿರು ಗಣಕವನ್ನು 18,999 ರೂಪಾಯಿ ಬೆಲೆಗೆ ಪರಿಚಯಿಸಿತು. ರಿಸ್ಕ್ ಫೈವ್ ಎಂಬ ಮುಕ್ತ ವಿನ್ಯಾಸದ ಸಂಸ್ಕಾರಕ, ಲಿನಕ್ಸ್ ತಂತ್ರಾಂಶ ಇದರಲ್ಲಿವೆ. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಡೆಬಿಯನ್‌ನ 13ನೇ ಆವೃತ್ತಿ ಈ ಬಗೆಯ ಸಂಸ್ಕಾರಕಗಳಿಗೆ ಮೊದಲ ಬಾರಿ ಅಧಿಕೃತ ಬೆಂಬಲ ನೀಡಿದ್ದು ಶುಭ ಸೂಚನೆ. ಆದರೂ ನಮ್ಮದೇ ಎಂಬ ಅಭಿಮಾನದಿಂದ ಪ್ರಶ್ನೆ ಕೇಳುವುದನ್ನು ಬಿಡಬಾರದು. ಇತರ ಬೋರ್ಡುಗಳಿಗೆ ಕೇಳುವ ಪ್ರಶ್ನೆಗಳನ್ನೇ ಇದಕ್ಕೂ ಕೇಳಬೇಕು.

ಹಾಗಾದರೆ ಅಗ್ಗದ ಬೋರ್ಡಿನಿಂದ ನಾವು ಎಷ್ಟು ನಿರೀಕ್ಷಿಸುವುದು ನ್ಯಾಯ? ತಯಾರಕರ ಕಡೆಯಿಂದಲೂ ಯೋಚಿಸೋಣ. ಬೋರ್ಡನ್ನು ಅವರು ಒಮ್ಮೆ ಮಾರುತ್ತಾರೆ, ಲಾಭ ಅಲ್ಪ. ತಂತ್ರಾಂಶ ತಿದ್ದುವ ಎಂಜಿನಿಯರಿಗೆ ತಿಂಗಳು ತಿಂಗಳೂ ಸಂಬಳ ಕೊಡಬೇಕು. ಒಮ್ಮೆ ಕೊಟ್ಟ ಹಣಕ್ಕೆ ಜೀವಮಾನವಿಡೀ ಸೇವೆ ಕೇಳುವುದು ತರವಲ್ಲ. ಆದರೆ ಎರಡನ್ನು ಕೇಳುವುದು ಖಂಡಿತ ನ್ಯಾಯ. ಒಂದು ತಾರೀಖು, ಇನ್ನೊಂದು ಕೀಲಿಕೈ.

ತಾರೀಖು ಎಂದರೆ, ಯಾವ ವರ್ಷದವರೆಗೆ ಅಪ್‌ಡೇಟ್ ಕೊಡುತ್ತೇವೆ ಎಂದು ಮಾರುವ ಮೊದಲೇ ಹೇಳುವುದು. ಇದು ಕೆಲವೆಡೆ ಕಾನೂನೇ ಆಗಿದೆ. ಅಂತರಜಾಲಕ್ಕೆ ಜೋಡಿಸುವ ಗೃಹೋಪಯೋಗಿ ಉಪಕರಣಗಳ ತಯಾರಕರು ಈ ಅವಧಿಯನ್ನು ಪ್ರಕಟಿಸಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಯೂರೋಪ್ ಒಕ್ಕೂಟದ 2024ರ ಕಾಯಿದೆಯ ಮುಖ್ಯ ನಿಯಮಗಳು 2027ರ ಡಿಸೆಂಬರಿನಿಂದ ಅನ್ವಯಿಸುತ್ತವೆ. ಅವುಗಳ ಪ್ರಕಾರ ಬೆಂಬಲ ಸಾಮಾನ್ಯವಾಗಿ ಕನಿಷ್ಠ 5 ವರ್ಷ ಇರಬೇಕು; ಅದು ಮುಗಿಯುವ ತಿಂಗಳು, ವರ್ಷ ಕೊಳ್ಳುವವನಿಗೆ ತಿಳಿದಿರಬೇಕು.

ಕೀಲಿಕೈ ಎಂದರೆ ತಂತ್ರಾಂಶದ ಮೂಲ ಬರಹ, ಅಂದರೆ ಸೋರ್ಸ್ ಕೋಡ್. ನಿಮ್ಮ ಬೋರ್‌ವೆಲ್ಲಿನ ಮೋಟರು ಸುಟ್ಟರೆ ವೈಂಡಿಂಗ್ ಮಾಡುವವರು ಸಿಂದಗಿಯಲ್ಲೂ ಸಿಗುತ್ತಾರೆ, ಮುದ್ದೇಬಿಹಾಳದಲ್ಲೂ ಸಿಗುತ್ತಾರೆ. ಅವರು ತಯಾರಕರ ಅಪ್ಪಣೆಗೆ ಕಾಯಬೇಕಾಗಿಲ್ಲ. ಮೋಟರನ್ನು ಬಿಚ್ಚಿ ನೋಡಬಹುದು. ಮೂಲ ಬರಹವಿಲ್ಲದ ತಂತ್ರಾಂಶವನ್ನು ಹಾಗೆ ಬಿಚ್ಚಿ ಸರಿಪಡಿಸುವುದು ಬಲು ಕಷ್ಟ. ಲಿನಕ್ಸ್‌ನ ಪರವಾನಗಿಯ ಪ್ರಕಾರ, ಅದನ್ನು ಬೋರ್ಡಿನೊಡನೆ ಹಂಚುವವರು ತಾವು ಮಾಡಿದ ಬದಲಾವಣೆಗಳ ಮೂಲ ಬರಹವನ್ನೂ ಪಡೆದವರಿಗೆ ಕೊಡಲೇಬೇಕು. ಅದನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಇದು ಕೇವಲ ಪ್ರಯೋಗಾಲಯದ ವಿಷಯವೆಂದು ತಿಳಿಯಬೇಡಿ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ನಿಮ್ಮಲ್ಲೊಬ್ಬರು ಹೊಸದಾಗಿ ನೆಟ್ಟ ಲಿಂಬೆ ತೋಟದಲ್ಲಿ ಮಣ್ಣಿನ ತೇವ ಅಳೆದು ನೀರು ಬಿಡುವ ಸಾಧನವನ್ನು ಬೋರ್ಡ್ ಗಣಕದಿಂದ ಮಾಡಿದಿರಿ ಎನ್ನೋಣ. ಲಿಂಬೆ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ಬೋರ್ಡಿನ ಬೆಂಬಲ ಎರಡೇ ವರ್ಷಕ್ಕೆ ಮುಗಿದರೆ, ಮೊದಲ ಕಾಯಿ ಕಾಣುವ ಮುಂಚೆಯೇ ಸಾಧನ ಅನಾಥವಾಗುತ್ತದೆ. ಅಪ್ಪನ ತೋಟವನ್ನು ಅದರ ಕೈಗೆ ಒಪ್ಪಿಸಿದವರು ನೀವು ಎಂಬುದು ನೆನಪಿರಲಿ.

ಆದ್ದರಿಂದ ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಅಪ್‌ಡೇಟ್ ಯಾವ ವರ್ಷದವರೆಗೆ, ಇದನ್ನು ಬರೆದು ಕೊಟ್ಟಿದ್ದಾರೆಯೇ? ತಯಾರಕರ ಸ್ವಂತ ಪ್ರತಿಯಷ್ಟೇ ಅಲ್ಲದೆ ಮೂಲ ಲಿನಕ್ಸ್ ಈ ಬೋರ್ಡಿನ ಮೇಲೆ ನಡೆಯುತ್ತದೆಯೇ? ಮೂಲ ಬರಹ ಸಿಗುತ್ತದೆಯೇ? ಇದನ್ನು ಬಳಸುವವರು ಎಷ್ಟು ಮಂದಿ, ಸಂದೇಹಕ್ಕೆ ಉತ್ತರ ಕೊಡುವವರಿದ್ದಾರೆಯೇ? ಉತ್ತರಗಳು ಸಮರ್ಪಕವಾಗಿದ್ದರೆ ಐನೂರು ರೂಪಾಯಿ ಹೆಚ್ಚಾದರೂ ಆ ಬೋರ್ಡೇ ನಿಜವಾಗಿ ಅಗ್ಗ.

ಕೊಂಡ ಮೇಲೆ ನಿಮ್ಮ ಕರ್ತವ್ಯವೂ ಇದೆ. ಸರಿಯಾಗಿ ನಡೆಯುತ್ತಿರುವ ಕಾರ್ಡಿನ ಒಂದು ನಕಲನ್ನು ಬೇರೆ ಇಡಿ. ಏನೇನು ಜೋಡಿಸಿದಿರಿ ಎಂಬುದನ್ನು ವಹಿಯಲ್ಲಿ ಬರೆದಿಡಿ. ಮುಂದಿನ ತರಗತಿಯವರಿಗೆ ಅದೇ ದಾರಿ ತೋರಿಸುತ್ತದೆ. ನೀರಿನ ಸಾಧನಕ್ಕೆ ಕೈಯಿಂದ ಹಾಕಿ ತೆಗೆಯುವ ಸ್ವಿಚ್ ತಪ್ಪದೆ ಇರಲಿ. ಬೆಂಬಲ ಮುಗಿದ ಬೋರ್ಡನ್ನು ತಿಪ್ಪೆಗೆ ಎಸೆಯಬೇಡಿ. ಅಂತರಜಾಲದಿಂದ ಬಿಡಿಸಿ, ದೀಪ ಹೊತ್ತಿಸುವ, ಉಷ್ಣತೆ ಅಳೆಯುವ, ಪ್ರೋಗ್ರಾಮ್ ಕಲಿಯುವ ಕೆಲಸಕ್ಕೆ ಇಟ್ಟುಕೊಳ್ಳಿ. ನೇಗಿಲು ಎಳೆಯಲಾರದ ಎತ್ತಿಗೂ ಮನೆಯಲ್ಲಿ ಹಗುರವಾದ ಕೆಲಸ ಇದ್ದೇ ಇರುತ್ತದೆ.

ಕೊನೆಯದಾಗಿ ಒಂದು ಮಾತು. ಡೆಬಿಯನ್ ಸಂಗ್ರಹದಲ್ಲಿ ಗುಬ್ಬಿ, ನವಿಲು ಎಂಬ ಎರಡು ಕನ್ನಡ ಅಕ್ಷರ ವಿನ್ಯಾಸಗಳಿವೆ. ಕನ್ನಡ ಬಲ್ಲವರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟದ್ದರಿಂದ ಅವು ಜಗತ್ತಿನ ಯಾವ ಮೂಲೆಯ ಬೋರ್ಡಿಗೂ ದೊರೆಯುತ್ತವೆ. ಬೆಂಬಲವೆಂಬುದು ಎಲ್ಲೋ ದೂರದಲ್ಲಿ ಯಾರೋ ಕೊಡುವ ವಸ್ತುವಷ್ಟೇ ಅಲ್ಲ. ನಿಮ್ಮ ಶಾಲೆಯ ಕಪಾಟಿನಲ್ಲಿ ಧೂಳು ಹಿಡಿದ ಬೋರ್ಡು ಇದ್ದರೆ ಗುರುಗಳ ಅಪ್ಪಣೆ ಪಡೆದು ಹೊರತೆಗೆಯಿರಿ. ಅದರ ಹೆಸರನ್ನು ಬರೆದುಕೊಂಡು, ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಿ. ನಿಮ್ಮ ಮೊದಲ ಪಾಠ ಅಲ್ಲಿಂದಲೇ ಆರಂಭವಾಗಲಿ.