ಸುಟ್ಟ ಗಾಯ: ಮೊದಲ 20 ನಿಮಿಷ



ಈ ಶಾಲೆಯಲ್ಲಿ ಅಕ್ಷರ ಕಲಿತು ಇಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ದುಡಿಯುತ್ತಿರುವ ನಾವು ಶತಮಾನೋತ್ಸವದ ವೇದಿಕೆಯಲ್ಲಿ ಬೆಂಕಿಯ ಮಾತನಾಡುವುದು ಕೆಲವರಿಗೆ ಅಮಂಗಳವೆನಿಸೀತು. ಆದರೂ ಕಾಸರಗೋಡಿನ ತೋಟದ ಮನೆಗಳಿಂದ ಬರುವ ಗಾಯಗಳನ್ನು ಕಂಡ ನಮಗೆ ಸುಮ್ಮನಿರಲಾಗದು.

ಬಚ್ಚಲ ಹಂಡೆಯ ಬಿಸಿನೀರು ಬಿದ್ದ ಮಗುವೊಂದನ್ನು ಒಮ್ಮೆ ಕರೆತಂದರು. ತೋಳು, ಎದೆಗಳಿಗೆಲ್ಲ ಟೂತ್‌ಪೇಸ್ಟ್ ಮೆತ್ತಿತ್ತು. ಗಾಯದ ಆಳವನ್ನರಿಯಲು ಅದನ್ನು ತೊಳೆದು ತೆಗೆಯಲೇಬೇಕಾಯಿತು. ಆ ಅಳು ಇಂದಿಗೂ ನಮ್ಮ ಕಿವಿಯಲ್ಲಿದೆ. ಹಚ್ಚಿದವರು ಅಜ್ಜಿ, ಅಕ್ಕರೆಯಿಂದಲೇ ಹಚ್ಚಿದ್ದರು. ಬೇಕಾಗಿದ್ದುದು ನಲ್ಲಿಯ ತಣ್ಣೀರು ಮಾತ್ರ. ಹರಿಯುವ ನೀರನ್ನು 20 ನಿಮಿಷ ಬಿಡಬೇಕು. ತಡವಾಗಿದ್ದರೂ ಮೂರು ಗಂಟೆಯೊಳಗೆ ಅದರಿಂದ ಪ್ರಯೋಜನವುಂಟು. ಮಂಜುಗಡ್ಡೆ ಸಲ್ಲದು, ತುಪ್ಪ, ಕಾಫಿಪುಡಿ, ಶಾಯಿ ಯಾವುದೂ ಸಲ್ಲದು. ಬಾವು ಏರುವ ಮುನ್ನ ಬಳೆ, ಉಂಗುರ, ಉಡಿದಾರಗಳನ್ನು ತೆಗೆಯಿರಿ. ಬೊಕ್ಕೆಗಳನ್ನು ಒಡೆಯದೆ ಶುಭ್ರವಾದ ಬಟ್ಟೆ ಮುಚ್ಚಿ, ಮಗುವಿನ ಉಳಿದ ಮೈಯನ್ನು ಬೆಚ್ಚಗಿಡಿ.

ಸುಡುವುದೆಲ್ಲ ಬೆಂಕಿಯಲ್ಲ. ಅಡಿಕೆಗೆ ಮದ್ದು ಬಿಡುವ ಮಳೆಗಾಲದಲ್ಲಿ, ಬೋರ್ಡೋ ದ್ರಾವಣಕ್ಕೆಂದು ತಂದ ಸುಟ್ಟ ಸುಣ್ಣದ ಪುಡಿ ಮೈಮೇಲೆ ಬೀಳುವುದುಂಟು. ಅದು ನೀರು ತಾಗಿದೊಡನೆ ಕಾಯುತ್ತದೆ. ಆದುದರಿಂದ ಮೊದಲು ಒಣಬಟ್ಟೆಯಿಂದ ಪುಡಿಯನ್ನು ಕೊಡವಿ, ಉಟ್ಟ ಬಟ್ಟೆ ಕಳಚಿ, ಅನಂತರ ಧಾರಾಳವಾಗಿ ನೀರು ಹರಿಸಬೇಕು. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ಚೆಲ್ಲಿದರೆ ಕಾಯದೆ ಒಡನೆಯೇ ನೀರು. ಸೋಡಾಪುಡಿ ಹಾಕುವ ಜಾಣತನ ಬೇಡ. ಕಣ್ಣಿಗೆ ಬಿದ್ದಿದ್ದರೆ ತೊಳೆಯುತ್ತಲೇ ಹೊರಡುವ ಸಿದ್ಧತೆ ಮಾಡಿ.

ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಾಗಿದಾಗ ಓಡಿಹೋಗಿ ಹಿಡಿಯಬೇಡಿ. ವಿದ್ಯುತ್ ಕಡಿದುದು ಖಚಿತವಾದ ಮೇಲೆಯೇ ಹತ್ತಿರ ಹೋಗಿ. ಅಂಗೈಯಲ್ಲಿ ಬಟಾಣಿಯಷ್ಟೇ ಗಾಯ ಕಂಡರೂ ಒಳಗಿನ ಸ್ನಾಯು ಬೆಂದಿರಬಹುದು, ಹೃದಯದ ಬಡಿತ ತಪ್ಪಿರಬಹುದು. “ಇಷ್ಟೇ ತಾನೆ” ಎಂದು ಮನೆಯಲ್ಲಿ ಉಳಿಯುವವರೇ ನಮ್ಮನ್ನು ಹೆಚ್ಚು ಹೆದರಿಸುವವರು.

ನೋವಿಲ್ಲದ ಗಾಯವೂ ಹಾಗೆಯೇ. ಕೆಂಪಗೆ ಉರಿಯುವುದು ಮೇಲ್ಪದರದ್ದು. ಬೆಳ್ಳಗೋ ಕಪ್ಪಗೋ ಚರ್ಮದಂತೆ ಗಟ್ಟಿಯಾಗಿ ಸ್ಪರ್ಶವೇ ತಿಳಿಯದಿದ್ದರೆ ನರಗಳೂ ಸುಟ್ಟಿವೆಯೆಂದು ಅರ್ಥ. ವಿಸ್ತಾರವನ್ನು ಅಳೆಯಲು ಗಾಯಾಳುವಿನದೇ ಅಂಗೈ ಸಾಕು. ಬೆರಳುಗಳೂ ಸೇರಿ ಅದು ಮೈಯ ಸುಮಾರು 1 ಶೇಕಡಾ. ಮಕ್ಕಳಲ್ಲಿ ಅಂಥ ಹತ್ತು ಅಂಗೈ ಮೀರಿದರೆ ರಕ್ತನಾಳದ ಮೂಲಕ ದ್ರವ ಕೊಡಬೇಕಾಗುತ್ತದೆ. ಮುಚ್ಚಿದ ಕೋಣೆಯ ಹೊಗೆಯಲ್ಲಿ ಸಿಲುಕಿದವರ ಸ್ವರ ಒಡೆದಿದ್ದರೆ, ಮೂಗಿನ ಕೂದಲು ಕರಟಿದ್ದರೆ, ಗಾಯ ಎಷ್ಟೇ ಚಿಕ್ಕದಿರಲಿ, ತಡಮಾಡಬೇಡಿ. ಗಂಟಲು ಬಾತು ಉಸಿರು ಕಟ್ಟೀತು.

ಕೊನೆಗೊಂದು ಬಿನ್ನಹ. ಸುಟ್ಟ ಹೊತ್ತನ್ನು ಚೀಟಿಯಲ್ಲಿ ಬರೆದು ತನ್ನಿ. ಮೊದಲ 24 ಗಂಟೆಗಳ ದ್ರವದಲ್ಲಿ ಅರ್ಧವನ್ನು ಮೊದಲ 8 ಗಂಟೆಗಳಲ್ಲಿ ಕೊಡುವುದು ರೂಢಿ. ಆ ಲೆಕ್ಕ ಸುಟ್ಟ ಗಳಿಗೆಯಿಂದ ತೊಡಗುತ್ತದೆ, ಆಸ್ಪತ್ರೆಯ ಬಾಗಿಲಿನಿಂದಲ್ಲ. ಮಂಗಳೂರಿಗೋ ಪರಿಯಾರಕ್ಕೋ ಹೊರಟ ಗಾಡಿಯಲ್ಲಿ ಕಳೆದ ಹೊತ್ತೂ ಅದರೊಳಗೇ ಸೇರಿರುತ್ತದೆ.