ಓದುಗರಿಗೆ ದಾರಿ ತೋರುವ ಬರಹ

(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾವೇರಿಯಿಂದ ಗೋದಾವರಿಯವರೆಗಿನ ನೆಲವನ್ನು ಕನ್ನಡನಾಡೆಂದು ಗುರುತಿಸಿದ ‘ಕವಿರಾಜಮಾರ್ಗ’ 9ನೆಯ ಶತಮಾನದ ಗ್ರಂಥ. ಉಮರ್ಗಾ, ನಿಲಂಗಾ, ಉದಗೀರಗಳು ಆ ಎಲ್ಲೆಯೊಳಗೆ ಬರುತ್ತವೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅದರಿಂದ ಕಲಿಯಬೇಕಾದ ಇನ್ನೊಂದು ಪಾಠವನ್ನು ಮರೆಯುತ್ತೇವೆ. ಆ ಗ್ರಂಥದ ಹೆಸರಿನಲ್ಲಿಯೇ ‘ಮಾರ್ಗ’ವಿದೆ, ಅದರ ರಚನೆ ಮೂರು ಪರಿಚ್ಛೇದಗಳದು. ಮೊದಲನೆಯದರಲ್ಲಿ ಮುಖ್ಯವಾಗಿ ಕಾವ್ಯದೋಷಗಳ ವಿಚಾರ, ಎರಡನೆಯದರಲ್ಲಿ ಶಬ್ದಾಲಂಕಾರ, ಮೂರನೆಯದರಲ್ಲಿ ಅರ್ಥಾಲಂಕಾರ. ನಾವು ಪ್ಯಾರಾ ಎನ್ನುವುದನ್ನು ನೆರೆಯ ಮರಾಠಿ ಶಾಲೆಯ ಮಕ್ಕಳು ಇಂದಿಗೂ ‘ಪರಿಚ್ಛೇದ’ವೆಂದೇ ಕರೆಯುತ್ತಾರೆ. ಗ್ರಂಥದ ಭಾಗವಾಗಲಿ, ಪತ್ರದ ಪ್ಯಾರಾ ಆಗಲಿ, ಅದರ ಕೆಲಸ ಒಂದೇ: ಒಂದು ವಿಷಯವನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸುವುದು.

ಈ ಪಾಠವನ್ನು ನಾವು ಕಲಿತದ್ದು ಪೆಟ್ಟು ತಿಂದ ಮೇಲೆ. ಒಂದು ವರ್ಷ ಕನ್ನಡ ಪಠ್ಯಪುಸ್ತಕಗಳು ಸಕಾಲಕ್ಕೆ ಬರಲಿಲ್ಲ. ನಾವು ಕೆಲವರು ಕೂಡಿ ಒಂದು ಕಚೇರಿಗೆ ಮನವಿ ಬರೆದೆವು. ಮೂರು ಪುಟ, ಒಂದೇ ಪ್ಯಾರಾ! ಗಡಿಭಾಗದ ಇತಿಹಾಸ, ಹಿರಿಯರ ಕಷ್ಟ, ಶಿಕ್ಷಕರ ಕೊರತೆ ಎಲ್ಲವೂ ಅದರಲ್ಲಿದ್ದವು. ಪುಸ್ತಕ ಬೇಕೆಂಬ ಮಾತು ಮಾತ್ರ ಕಟ್ಟಕಡೆಯ ಸಾಲಿನಲ್ಲಿತ್ತು. ‘ಬೇಡಿಕೆ ಸ್ಪಷ್ಟವಿಲ್ಲ’ ಎಂಬ ಷರಾ ಹೊತ್ತು ಮನವಿ ಮರಳಿ ಬಂದಿತು. ಅಷ್ಟರಲ್ಲಿ ಮಕ್ಕಳು ಮೊದಲ ಘಟಕ ಪರೀಕ್ಷೆಯನ್ನು ಪುಸ್ತಕವಿಲ್ಲದೆಯೇ ಬರೆದಿದ್ದರು.

ಮೊದಲು ನಮಗೆ ಸಿಟ್ಟು ಬಂದಿತು. ನಮ್ಮ ಮನವಿಯನ್ನು ನಾವೇ ಗಟ್ಟಿಯಾಗಿ ಓದಿದಾಗ ತಪ್ಪು ತಿಳಿಯಿತು. ಮತ್ತೆ ಬರೆದೆವು. ಯಾವ ತರಗತಿಗೆ ಎಷ್ಟು ಪುಸ್ತಕ ಬೇಕೆಂಬುದು ಮೊದಲ ಪ್ಯಾರಾ. ತಡವಾದುದರಿಂದ ಆದ ಹಾನಿ ಎರಡನೆಯದು. ಯಾವ ದಿನದೊಳಗೆ, ಎಲ್ಲಿಗೆ ತಲುಪಬೇಕೆಂಬುದು ಮೂರನೆಯದು. ಅರ್ಧ ಪುಟದಲ್ಲಿ ಮುಗಿಯಿತು. ಈ ಸಲ ಪುಸ್ತಕಗಳು ಬಂದವು.

ಮಕ್ಕಳ ಪ್ರಬಂಧಗಳಲ್ಲಿಯೂ ಇದೇ ತೊಡಕು. ಉದಗೀರ ಕೋಟೆಯ ಪ್ರವಾಸವನ್ನು ಬರೆಯುವಾಗ ಬಸ್ಸಿನ ಗದ್ದಲ, 1760ರಲ್ಲಿ ಮರಾಠರಿಗೂ ನಿಜಾಮನಿಗೂ ನಡೆದ ಯುದ್ಧ, ಕೋಟೆಯ ಗೋಡೆ, ಬುತ್ತಿಯ ರೊಟ್ಟಿ ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ಮಗುವಿಗೆ ವಿಷಯದ ಬಡತನವಿಲ್ಲ. ಅದನ್ನು ವಿಂಗಡಿಸುವುದು ತಿಳಿದಿಲ್ಲ. ಪ್ರಯಾಣಕ್ಕೊಂದು, ಕಂಡ ಕೋಟೆಗೊಂದು, ಕೇಳಿದ ಇತಿಹಾಸಕ್ಕೊಂದು ಪ್ಯಾರಾ ಕೊಡಿಸಿರಿ. ಪ್ರತಿಯೊಂದರ ಮೊದಲ ವಾಕ್ಯವೇ ಮುಂದೇನಿದೆ ಎಂದು ಸೂಚಿಸಲಿ. ‘ಈ ಗೋಡೆಗಳು ಒಂದು ಯುದ್ಧವನ್ನೂ ಕಂಡಿವೆ’ ಎಂಬಂಥ ಒಂದು ಮಾತು ಕೋಟೆಯಿಂದ ಇತಿಹಾಸಕ್ಕೆ ಸೇತುವೆಯಾಗುತ್ತದೆ. ‘ಆದರೆ’, ‘ಆದ್ದರಿಂದ’, ‘ಇದಲ್ಲದೆ’ ಎಂಬವು ತಿರುವುಗಳಲ್ಲಿ ನಿಂತ ಕೈಕಂಬಗಳು; ನಿಜವಾದ ತಿರುವಿದ್ದಲ್ಲಿ ಮಾತ್ರ ಅವನ್ನು ನೆಡಬೇಕು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಮಗು ಬರೆದುದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಪ್ರತಿ ಪ್ಯಾರಾ ಮುಗಿದಾಗ ‘ಇದರಲ್ಲಿ ಏನು ಹೇಳಿದೆ?’ ಎಂದು ಕೇಳಿರಿ. ಒಂದೇ ಮಾತಿನಲ್ಲಿ ಉತ್ತರ ಬಂದರೆ ಪ್ಯಾರಾ ಸರಿಯಾಗಿದೆ. ಎರಡು ಉತ್ತರ ಬಂದರೆ ಅಲ್ಲಿ ಎರಡು ಪ್ಯಾರಾಗಳಿವೆ. ಇದಕ್ಕೆ ನೀವು ಹೆಚ್ಚು ಓದಿರಬೇಕೆಂದೇನೂ ಇಲ್ಲ. ಕೇಳುವ ಕಿವಿಯಿದ್ದರೆ ಸಾಕು.

ಗಡಿಯಲ್ಲಿರುವ ನಮ್ಮ ಅಹವಾಲುಗಳನ್ನು ಓದುವವರು ಬಹುಮಟ್ಟಿಗೆ ದೂರದಲ್ಲಿರುವವರು, ನಮ್ಮನ್ನು ಕಾಣದವರು. ಅವರ ಮುಂದೆ ನಮ್ಮ ಪರವಾಗಿ ನಿಲ್ಲುವುದು ಕಾಗದವೊಂದೇ. ಅದು ತೊದಲದಂತೆ ಬರೆಯಲು ಮಕ್ಕಳಿಗೆ ಕಲಿಸೋಣ.