ರಣರಂಗದಿಂದ ಬಂದ ಓಲೆಗಳು
(ಬಾಗಲಕೋಟೆಯ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಯುದ್ಧದ ಚರಿತ್ರೆಯನ್ನು ಸೇನಾಪತಿಗಳು ಬರೆಯುವರು. ಅದರ ಸುದ್ದಿಯನ್ನು ಸರಕಾರದವರು ಅಚ್ಚು ಹಾಕಿಸುವರು. ಸಿಪಾಯಿಯ ಮನಸ್ಸಿನಲ್ಲಿದ್ದುದು ಮಾತ್ರ ಅವನು ತಾಯಿತಂದೆಗಳಿಗೆ ಬರೆದ ಓಲೆಯಲ್ಲಿಯೇ ದೊರೆಯತಕ್ಕದ್ದು.

ಅದೂ ಪೂರ್ತಿಯಾಗಿ ದೊರೆಯದು. 1914ರಲ್ಲಿ ಹಿಂದುಸ್ಥಾನದ ದಂಡು ಫ್ರಾನ್ಸಿನಲ್ಲಿ ಇಳಿದ ಬಳಿಕ ಇಂಗ್ಲಿಷ್ ಸರಕಾರವು ಅದರ ಟಪಾಲನ್ನು ಒಡೆದು ನೋಡುವ ಕಚೇರಿಯನ್ನು ಅಲ್ಲಿಯೇ ತೆರೆಯಿತು. ಅಲ್ಲಿ ಆಯ್ದ ಭಾಗಗಳ ಇಂಗ್ಲಿಷ್ ತರ್ಜುಮೆಗಳು ಲಂಡನ್ನಿನ ಗ್ರಂಥಭಂಡಾರದಲ್ಲಿ ಇಂದಿಗೂ ಇರುವವು. ಸಿಪಾಯಿಗಳೇನು ಮೂಢರೇ? ತಮ್ಮನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪು ಮೆಣಸಿನಕಾಯಿಯೆಂದೂ ಕರೆದು, ಯಾವುದು ತೀರಿತು, ಯಾವುದು ಉಳಿದಿದೆ ಎಂಬುದನ್ನು ಮನೆಗೆ ತಿಳಿಸಿದವರುಂಟು. ಪರೀಕ್ಷಕರಿಗೂ ಈ ಮೆಣಸಿನ ವ್ಯಾಪಾರವು ತಿಳಿಯದೆ ಹೋಗಲಿಲ್ಲ.

ಇನ್ನು ನಮ್ಮ ಸೀಮೆಯ ಮಾತು. ಆ ಕಾಲಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಮುಂಬಯಿ ಇಲಾಖೆಯ ಬಿಜಾಪುರ ಜಿಲ್ಲೆಯಲ್ಲಿದ್ದವು. ಸಮೀಪದ ದೊಡ್ಡ ದಂಡಿನ ಠಾಣೆಯು ಬೆಳಗಾವಿ. ಅಲ್ಲಿ ಮರಾಠಾ ಪಲಟಣಿಯ ನೆಲೆ. ಕನ್ನಡದ ಹೆಸರಿನ ಪಲಟಣಿಯು ಆ ಇಲಾಖೆಯಲ್ಲಿ ಇರಲಿಲ್ಲ. 1915-16ರಲ್ಲಿ ಮೆಸೊಪೊಟೇಮಿಯದ ಕೂತ್ ಪಟ್ಟಣದ ಮುತ್ತಿಗೆಯಲ್ಲಿಯೂ, ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಬೆಟ್ಟಗಳಲ್ಲಿಯೂ ಮರಾಠಾ ಪಲಟಣಿಗಳ ಜನ ಕಾದಿದರು. ದಂಡಿನಲ್ಲಿ ಸಿಪಾಯಿಗೆ ಓದುಬರಹ ಕಲಿಸುತ್ತಿದ್ದುದು ರೋಮನ್ ಉರ್ದುವಿನಲ್ಲಿ, ಎಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಹಿಂದುಸ್ಥಾನಿಯಲ್ಲಿ.

ಪರಕೀಯರ ಪರವಾಗಿ ಕಾದಿದವನ ಓಲೆಗಳನ್ನೇಕೆ ಪೂಜಿಸಬೇಕೆಂದು ನಮ್ಮ ಸ್ನೇಹಿತರು ಕೇಳುವದುಂಟು. 1942ರಲ್ಲಿ ನಮ್ಮ ತರುಣರನ್ನು ಕೂಡಿಟ್ಟ ಹಿಂಡಲಗಿಯ ಸೆರೆಮನೆಯೂ ಬೆಳಗಾವಿಯ ಮಗ್ಗುಲಲ್ಲಿಯೇ ಇರುವದನ್ನು ಅವರು ನೆನೆಯಲಿ. ಸೆರೆಯಾಳಿನ ಕಾಗದವೂ ಸಿಪಾಯಿಯ ಕಾಗದವೂ ಪರರ ಕಣ್ಣಿಗೆ ಬಿದ್ದ ಮೇಲೆಯೇ ಹೆತ್ತವಳ ಕೈಗೆ ಸೇರುತ್ತಿದ್ದವು. ಮಳೆಯನ್ನೇ ನಂಬಿದ ಈ ಜಿಲ್ಲೆಯಲ್ಲಿ ಪಗಾರದ ಆಸೆಗೆ ದಂಡು ಸೇರಿದವನನ್ನು ದ್ರೋಹಿಯೆನ್ನಲು ನಮ್ಮ ನಾಲಗೆ ಏಳದು.

ಕೆಲವು ವರ್ಷಗಳ ಹಿಂದೆ ಹುನಗುಂದ ಸೀಮೆಯ ಅಣ್ಣತಮ್ಮಂದಿರಿಬ್ಬರು ವಾಟಣಿಯ ವ್ಯಾಜ್ಯಕ್ಕಾಗಿ ನಮ್ಮಲ್ಲಿಗೆ ಬಂದರು. (ಅವರ ಒಪ್ಪಿಗೆ ಪಡೆದೇ ಹೇಳುತ್ತಿರುವೆವು, ಊರ ಹೆಸರು ಬೇಡ.) ಟ್ರಂಕಿನೊಳಗಿನ ಹಳೆಯ ಉತಾರೆಗಳ ಕೆಳಗೆ ಗುಳೇದಗುಡ್ಡದ ಖಣದ ತುಂಡೊಂದರಲ್ಲಿ ಕಟ್ಟಿಟ್ಟ ಹನ್ನೊಂದು ಕಾಗದಗಳಿದ್ದವು. ಅವರ ಅಜ್ಜನ ತಮ್ಮ ಯುದ್ಧದಿಂದ ಬರೆದವು. ಹತ್ತು ರೋಮನ್ ಉರ್ದುವಿನವು. ಅವು ಬಂದಾಗ ಶಾಲೆಯ ಮಾಸ್ತರರು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವರಂತೆ, ಅರ್ಥವಾಗದು ಅವರಿಗೆ. ನೆರೆಮನೆಯ ಮುಸಲ್ಮಾನ ನೇಕಾರರು ಮಗ್ಗ ಬಿಟ್ಟು ಬಂದು, ಕೇಳಿ, ಕನ್ನಡದಲ್ಲಿ ತಿಳಿಸಿ ಹೇಳುವರಂತೆ. ಮಗನ ಒಂದು ಮಾತು ತಾಯಿಗೆ ತಲಪಲು ಇಬ್ಬರು ಹಿರಿಯರು ಕೂಡಬೇಕಾಗಿದ್ದಿತು!

ಹನ್ನೊಂದನೆಯದು ಕನ್ನಡದ್ದು, 1944ರ ಡಿಸೆಂಬರಿನದು. ಬೆಳಗಾವಿ ಕಡೆಯ ಗೆಳೆಯನಿಂದ ಬರೆಯಿಸಿದ್ದು. ಊರಿನ ಹೆಸರಿದ್ದ ಕಡೆ ಮಸಿ ಬಳಿದಿದ್ದರು. ಆದರೆ ಇಲ್ಲಿಯ ಕೆಸರು ನಮ್ಮ ಎರೆಯಂತೆಯೇ ಕಾಲು ಬಿಡದೆಂಬ ಮಾತನ್ನು ಹಾಗೆಯೇ ಬಿಟ್ಟಿದ್ದರು; ಪರೀಕ್ಷಕನಿಗೆ ಎರೆಯ ಹೊಲ ಗೊತ್ತಿದ್ದಿಲ್ಲವೇನೋ. ತೀರ್ಥರೂಪ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರವಾದ ಮೇಲೆ ಯುದ್ಧದ ಮಾತೇ ಇಲ್ಲ. ಹಿಂಗಾರಿ ಜೋಳ ಹೇಗೆ ಎದ್ದಿದೆ, ಕುಂಟುತ್ತಿದ್ದ ಎತ್ತಿನ ಕಾಲು ನೆಟ್ಟಗಾಯಿತೇ, ಅವ್ವನ ಕಣ್ಣು ಹೇಗಿವೆ, ಈ ಸಲ ಬನಶಂಕರಿಯ ಜಾತ್ರೆಗೆ ಬಂಡಿ ಕಟ್ಟುವಿರೇ ಎಂಬ ಪ್ರಶ್ನೆಗಳು. ಕೊನೆಗೆ, ತನಗೆ ಕಲಿಸಿದ ಅಕ್ಷರ ನಿಮಗೆ ಬಾರದು, ನಿಮ್ಮ ಅಕ್ಷರ ತನಗೆ ಬಾರದು, ತಿರುಗಿ ಬಂದು ಕಲಿಯುವೆನು ಎಂದಿದ್ದನು. ಅವನು ತಿರುಗಿ ಬರಲಿಲ್ಲ. 1956ರ ನವೆಂಬರ 1ರಂದು ಅವನ ಊರೂ ಅವನ ಗೆಳೆಯನ ಊರೂ ಮುಂಬಯಿಯನ್ನು ಬಿಟ್ಟು ಕನ್ನಡ ನಾಡನ್ನು ಕೂಡಿದವು.

ಹತ್ತು ಕಾಗದಗಳು ನಿನ್ನೆ ಬಂದಂತಿದ್ದವು. ಕನ್ನಡದ್ದೊಂದು ಮಡಿಕೆ ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು. ತಾಯಿಯು ಓದಬಲ್ಲವಳಲ್ಲ, ಬಂದವರಿಂದೆಲ್ಲ ಮತ್ತೆ ಮತ್ತೆ ಓದಿಸಿದ್ದಳು.

ಹೊಲ, ಬಾವಿ, ತಾಮ್ರದ ಹಂಡೆಗಳಿಗಾಗಿಯೂ ಜಗಳಾಡಿದ ಆ ಅಣ್ಣತಮ್ಮಂದಿರು ಈ ಗಂಟನ್ನು ಮಾತ್ರ ಪಾಲು ಮಾಡಗೊಡಲಿಲ್ಲ. ಹಿರಿಯವನ ಮನೆಯಲ್ಲಿರತಕ್ಕದ್ದು, ಕಿರಿಯವನು ಬೇಕೆಂದಾಗ ನೋಡತಕ್ಕದ್ದೆಂದು ರಾಜಿಪತ್ರದಲ್ಲಿ ಒಂದು ಕಲಮನ್ನೇ ಹಾಕಿಸಿದರು.

ಇಳಕಲ್ಲಿನಲ್ಲಿ, ಬಾದಾಮಿಯ ಹಳ್ಳಿಗಳಲ್ಲಿ, ನಿಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಇಂಥ ಗಂಟುಗಳಿದ್ದಾವು. ಮಕ್ಕಳನ್ನು ಕೇಳಿ ನೋಡಿರಿ. ಮೂಲವನ್ನು ಮನೆಯವರಲ್ಲಿಯೇ ಬಿಟ್ಟು ನಕಲು ತೆಗೆದುಕೊಳ್ಳಿರಿ. ಮಡಿಕೆಯಲ್ಲಿ ಹರಿದುದಿದ್ದರೆ ಅದನ್ನು ಮೊದಲು.